ಬಲಗಡೆಯ ಹಾರ್ನ್ ಚುಚ್ಚುತ್ತಿತ್ತು: ಒಂದು ಟೈಟಾನಿಯಂ ಡಯಾಫ್ರಾಮ್‌ನ ಪ್ರಕರಣ

ತಮ್ಮ ಸ್ಪೀಕರ್‌ಗಳ ಬಗ್ಗೆ ಗೆಳೆಯರೊಬ್ಬರ ದೂರು ಒಂದೇ ಸಾಲಿನದು: "ಬಲಗಡೆಯ ಹಾರ್ನ್ ಕಿವಿಗೆ ಚುಚ್ಚುತ್ತೆ, ಎಡಗಡೆಯದು ಚುಚ್ಚಲ್ಲ." ಹೆಣ್ಣುದನಿ ಮೇಲಕ್ಕೇರಿದಾಗ, ಪಿಟೀಲಿನ ಕಮಾನು ಗಟ್ಟಿಯಾಗಿ ಎಳೆದಾಗ ಬಲಗಡೆಯಿಂದ ಮರಳು ಬೆರೆತ ಹಾಗೆ ಒಂದು ಒರಟುತನ ಬರುತ್ತಿತ್ತು. ನಾನೂ ಕೂತು ಕೇಳಿದೆ. ಇತ್ತು. ಊಹೆಯಲ್ಲ.

ಎರಡೂ ಕಡೆ ಒಂದೇ ಮಾದರಿಯ ಕಂಪ್ರೆಷನ್ ಡ್ರೈವರ್ (ಡಯಾಫ್ರಾಮ್ ಎಂಬ ತೆಳು ಗುಮ್ಮಟವನ್ನು ನಡುಗಿಸಿ ಹಾರ್ನ್‌ಗೆ ಶಬ್ದ ತುಂಬುವ ಘಟಕ): ಗುಮ್ಮಟವನ್ನು ಅಲುಗಿಸುವ 4 ಇಂಚಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಶಬ್ದ ಹಾರ್ನ್‌ಗೆ ಹೊರಡುವ 2 ಇಂಚಿನ ಗಂಟಲು. ಆವರ್ತನಗಳನ್ನು ಹಂಚಿಕೊಡುವ ಕ್ರಾಸ್‌ಓವರ್ 800 ಹರ್ಟ್ಸ್‌ನಲ್ಲಿ, ಅದರ ಕೆಳಗಿನದೆಲ್ಲ ವೂಫರ್ ಪಾಲು. ಡ್ರೈವರ್‌ಗಳಲ್ಲಿ ಮೊದಲಿಗೆ ಇದ್ದದ್ದು ಅಲ್ಯೂಮಿನಿಯಂ ಡಯಾಫ್ರಾಮ್. ಬಲಗಡೆಯದು ವರ್ಷಗಟ್ಟಲೆ ದುಡಿದು ಸರೌಂಡ್‌ನ (ಗುಮ್ಮಟವನ್ನು ಹಿಡಿದಿಡುವ ಸುತ್ತಲ ಮಡಿಕೆಯ) ಹತ್ತಿರ ಸೀಳಿಕೊಂಡಿತು. ಮೂಲ ಭಾಗ ಸಿಗದೆ, ಬೇರೊಬ್ಬ ತಯಾರಕರ ಟೈಟಾನಿಯಂ ಡಯಾಫ್ರಾಮನ್ನು ಗೆಳೆಯರು ತಾವೇ ಕೂರಿಸಿದರು. ಅಂದಿನಿಂದ ಈ ಚುಚ್ಚು. ಅವರ ತೀರ್ಮಾನ ನಾನು ಬರುವ ಮೊದಲೇ ಆಗಿಹೋಗಿತ್ತು: ಟೈಟಾನಿಯಂ ಎಂದರೆ ಡಿಸ್ಟಾರ್ಷನ್ (ಮೂಲದಲ್ಲಿಲ್ಲದ ಸದ್ದು ಬೆರೆಯುವುದು), ಎರಡೂ ಕಡೆಗೆ ಬೆರಿಲಿಯಂ ತರಿಸಬೇಕು. ನನ್ನನ್ನು ಕರೆದದ್ದು ಆ ತೀರ್ಮಾನಕ್ಕೊಂದು ಮೊಹರು ಒತ್ತಿಸಿಕೊಳ್ಳಲು ಅಂತಲೇ ನನ್ನ ಅನುಮಾನ.

ಮೊದಲು ಮಾಡಿದ್ದು ಅತ್ಯಂತ ಸರಳ ಕೆಲಸ. ಎರಡು ಡ್ರೈವರ್‌ಗಳನ್ನು ಹಾರ್ನ್‌ನಿಂದ ಹಾರ್ನ್‌ಗೆ ಅದಲುಬದಲು ಮಾಡಿದೆವು. ಚುಚ್ಚು ಎಡಕ್ಕೆ ಬಂತು. ಅಲ್ಲಿಗೆ ಕೋಣೆ, ಹಾರ್ನ್, ಆಂಪ್ಲಿಫೈಯರ್, ಕೇಬಲ್ ಎಲ್ಲವೂ ಆರೋಪದಿಂದ ಹೊರಗೆ. ಉಳಿದದ್ದು ಡ್ರೈವರ್.

ಲೋಹದ ಲೆಕ್ಕ

ಅಳತೆಗೆ ಇಳಿಯುವ ಮುಂಚೆ ಲೋಹಗಳ ಬಗ್ಗೆ ಒಂದು ತಪ್ಪು ನಂಬಿಕೆಯನ್ನು ಪಕ್ಕಕ್ಕಿಡಬೇಕು. ಟೈಟಾನಿಯಂ ಅಲ್ಯೂಮಿನಿಯಂಗಿಂತ "ಗಟ್ಟಿ", ಆದ್ದರಿಂದ ಮೇಲಿನ ಸ್ವರಗಳ ಸ್ಪೀಕರ್ ಆದ ಟ್ವೀಟರ್‌ಗೆ ಹೆಚ್ಚು ಯೋಗ್ಯ ಎಂಬ ಮಾತು ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ. ಡಯಾಫ್ರಾಮ್‌ಗೆ ಬೇಕಾದದ್ದು ಬರೀ ಗಡಸುತನವಲ್ಲ, ತೂಕಕ್ಕೆ ತಕ್ಕ ಗಡಸುತನ. ಅದನ್ನು ಅಳೆಯುವ ಸುಲಭದ ದಾರಿ ಆ ವಸ್ತುವಿನೊಳಗೆ ಶಬ್ದ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ನೋಡುವುದು. ಅಲ್ಯೂಮಿನಿಯಂನಲ್ಲಿ ಸೆಕೆಂಡಿಗೆ ಸುಮಾರು 5,100 ಮೀಟರ್. ಟೈಟಾನಿಯಂನಲ್ಲಿ ಸುಮಾರು 4,900. ಮೆಗ್ನೀಸಿಯಂ ಕೂಡ ಅದೇ 5,000ದ ಆಸುಪಾಸು. ಮೂರೂ ಒಂದೇ ತಕ್ಕಡಿಯಲ್ಲಿ ತೂಗುವ ಲೋಹಗಳು. ಬೆರಿಲಿಯಂ ಮಾತ್ರ ಬೇರೆಯೇ ಜಾತಿ: 12,000ಕ್ಕೂ ಮೇಲೆ.

ಇನ್ನೊಂದು ಬಗೆಯಲ್ಲಿ ನೋಡೋಣ. ಟೈಟಾನಿಯಂನ ಸಾಂದ್ರತೆ ಹೆಚ್ಚು, ಘನ ಸೆಂಟಿಮೀಟರಿಗೆ 4.5 ಗ್ರಾಂ, ಅಲ್ಯೂಮಿನಿಯಂ 2.7. ತೂಕ ಸಮ ಇರಬೇಕೆಂದರೆ ಟೈಟಾನಿಯಂ ಹಾಳೆಯ ದಪ್ಪವನ್ನು ಅಲ್ಯೂಮಿನಿಯಂನ 60 ಶೇಕಡಕ್ಕೆ ಇಳಿಸಬೇಕು. ಬಾಗುವುದಕ್ಕೆ ತೋರುವ ವಿರೋಧ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಅಷ್ಟೇ ತೂಕದ ಟೈಟಾನಿಯಂ ಹಾಳೆ ಬಾಗುವಿಕೆಯಲ್ಲಿ ಅಲ್ಯೂಮಿನಿಯಂನ ಮೂರನೇ ಒಂದು ಭಾಗದಷ್ಟು ಮಾತ್ರ ಬಿಗಿ. ಅದೇ ಲೆಕ್ಕದಲ್ಲಿ ಬೆರಿಲಿಯಂ ಸುಮಾರು 13 ಪಟ್ಟು ಬಿಗಿ. ಗುಮ್ಮಟದ ಬಾಗು ತನ್ನದೇ ಬಲ ಕೊಡುವುದರಿಂದ ನಿಜವಾದ ಡಯಾಫ್ರಾಮ್‌ನಲ್ಲಿ ಅಂತರ ಇಷ್ಟು ನಾಟಕೀಯವಲ್ಲ. ಆದರೆ ಕೆಲವು ಟೈಟಾನಿಯಂ ಗುಮ್ಮಟಗಳ ಮೇಲೆ ಪಕ್ಕೆಲುಬಿನಂಥ ಗೆರೆಗಳನ್ನು ಒತ್ತಿರುತ್ತಾರಲ್ಲ, ಅದು ಈ ಕೊರತೆ ತುಂಬುವುದಕ್ಕೇ.

ಹಾಗಾದರೆ 1980ರ ದಶಕದ ಆರಂಭದಲ್ಲಿ ಜೆಬಿಎಲ್ ಕಂಪನಿ ತನ್ನ 2441 ಡ್ರೈವರ್‌ನ ಅಲ್ಯೂಮಿನಿಯಂ ಬಿಟ್ಟು 2445ರಲ್ಲಿ ಟೈಟಾನಿಯಂಗೆ ಹೋದದ್ದು ಯಾಕೆ? ಬಾಳಿಕೆಗೆ. ಅಲ್ಯೂಮಿನಿಯಂಗೆ ದಣಿವಿನ ಮಿತಿ ಎಂಬುದಿಲ್ಲ. ಎಷ್ಟೇ ಸಣ್ಣ ಬಾಗುವಿಕೆಯಾದರೂ ಸಾಕಷ್ಟು ಸಲ ಮರುಕಳಿಸಿದರೆ ಒಂದು ದಿನ ಬಿರುಕು ಬಿಡುತ್ತದೆ. ಟೈಟಾನಿಯಂ ಆ ಹೊಡೆತವನ್ನು ಎಷ್ಟೋ ಹೆಚ್ಚು ಕಾಲ ತಾಳುತ್ತದೆ. ರಾತ್ರಿಯಿಡೀ ದೊಡ್ಡ ಸಭಾಂಗಣ ತುಂಬಿಸಬೇಕಾದ ಡ್ರೈವರ್‌ಗೆ ಅದು ಸಣ್ಣ ಲಾಭವಲ್ಲ. ಆದರೆ ಅದನ್ನು "ಧ್ವನಿಯ ಗುಣ" ಅಂತ ಮಾರಿದಾಗ ಗೊಂದಲ ಹುಟ್ಟಿತು.

ಅಂದಹಾಗೆ ಕಂಪ್ರೆಷನ್ ಡ್ರೈವರ್ ಕುಲದ ಮೂಲಪುರುಷ, ವೆಂಟ್ ಮತ್ತು ಥುರಾಸ್ ರೂಪಿಸಿದ ವೆಸ್ಟರ್ನ್ ಎಲೆಕ್ಟ್ರಿಕ್ 555, 1926ರಲ್ಲಿ ಚಿತ್ರಮಂದಿರಗಳಿಗೆ ಬಂದಾಗಲೂ ಅದರ ಡಯಾಫ್ರಾಮ್ ತೆಳ್ಳನೆಯ ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಸುಮಾರು ನೂರು ವರ್ಷಗಳಾದರೂ ವಾದ ಮುಗಿದಿಲ್ಲ.

ಮೂರು ಆರೋಪಿಗಳು

"ಡಿಸ್ಟಾರ್ಷನ್" ಎಂದು ಗೆಳೆಯರು ಒಂದೇ ಹೆಸರಲ್ಲಿ ಕರೆಯುತ್ತಿದ್ದದ್ದು ಮೂರು ಬೇರೆ ಸಂಗತಿಗಳಾಗಿರಬಹುದು. ಪ್ರತಿಯೊಂದಕ್ಕೂ ತನ್ನದೇ ನಡವಳಿಕೆ ಇದೆ, ಅದನ್ನು ಹಿಡಿದು ಬೇರ್ಪಡಿಸಬಹುದು.

ಮೊದಲನೆಯದು ಗಂಟಲಿನೊಳಗಿನ ಗಾಳಿ. ಗಾಳಿಯನ್ನು ಒತ್ತುವುದೂ ಸಡಿಲಿಸುವುದೂ ಸಮನಾದ ಕೆಲಸವಲ್ಲ. ಒತ್ತಿದಷ್ಟೂ ಅದು ಹೆಚ್ಚು ಬಿರುಸಾಗುತ್ತದೆ. ಕಿರಿದಾದ ಗಂಟಲಿನಲ್ಲಿ ಒತ್ತಡ ಹೆಚ್ಚಿರುವುದರಿಂದ ಅಲೆಯ ಶಿಖರ ಮುಂದಕ್ಕೆ ವಾಲುತ್ತದೆ, ಎರಡನೇ ಹಾರ್ಮೋನಿಕ್, ಅಂದರೆ ಮೂಲದ ಎರಡು ಪಟ್ಟು ಆವರ್ತನದ ಸ್ವರ, ಹುಟ್ಟುತ್ತದೆ. ಎಕ್ಸ್‌ಪೊನೆನ್ಶಿಯಲ್ ಹಾರ್ನ್‌ಗೆ ಇದನ್ನು ಅಂದಾಜಿಸುವ ಹಳೆಯ ಸೂತ್ರವೊಂದಿದೆ: ಸಂಕೇತದ ಆವರ್ತನವನ್ನು ಹಾರ್ನ್‌ನ ಕಟ್‌ಆಫ್ ಆವರ್ತನದಿಂದ (ಅದರ ಕೆಳಗೆ ಹಾರ್ನ್ ಕೆಲಸ ಮಾಡುವುದಿಲ್ಲ) ಭಾಗಿಸಿ, ಗಂಟಲಿನಲ್ಲಿ ಪ್ರತಿ ಚದರ ಮೀಟರಿನ ಮೂಲಕ ಹಾಯುವ ವ್ಯಾಟ್‌ಗಳ ವರ್ಗಮೂಲದಿಂದ ಗುಣಿಸಿ, 0.0173ರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. 50 ಮಿಲಿಮೀಟರ್ ಗಂಟಲು, 0.1 ವ್ಯಾಟ್ ಶಬ್ದಶಕ್ತಿ, 500 ಹರ್ಟ್ಸ್ ಕಟ್‌ಆಫ್ ಎಂದಿಟ್ಟುಕೊಂಡರೆ 5 ಕಿಲೋಹರ್ಟ್ಸ್‌ನಲ್ಲಿ ಸುಮಾರು 1.2 ಶೇಕಡಾ ಬರುತ್ತದೆ. ಗಂಟಲಿನ ವ್ಯಾಸ ಅರ್ಧವಾದರೆ ಅದು ದ್ವಿಗುಣ.

ಈ ಸೂತ್ರದಲ್ಲಿ ಡಯಾಫ್ರಾಮ್‌ನ ಹೆಸರೇ ಇಲ್ಲ ನೋಡಿ. ಹಾಳೆ ಚಿನ್ನದ್ದಾಗಲಿ, ರಟ್ಟಿನದ್ದಾಗಲಿ, ಗಾಳಿಗೆ ಗೊತ್ತಾಗುವುದಿಲ್ಲ.

ಎರಡನೆಯದು ಜೋಡಣೆ. ಕಾಯಿಲ್ ಮ್ಯಾಗ್ನೆಟ್ಟಿನ ಕಿರಿದಾದ ಅಂತರದಲ್ಲಿ ಮಧ್ಯಕ್ಕಿಲ್ಲದೆ ಎಲ್ಲೋ ಉಜ್ಜುವುದು, ಅಂಚು ಓರೆಯಾಗಿ ಕೂತಿರುವುದು, ಲೀಡ್ ತಂತಿ ಎಲ್ಲಾದರೂ ತಾಗುವುದು. ಇವು ಹುಟ್ಟಿಸುವುದು ಎರಡು ಮೂರನೇ ಹಾರ್ಮೋನಿಕ್‌ಗಳನ್ನಷ್ಟೇ ಅಲ್ಲ. ಏಳು, ಹತ್ತು, ಹದಿನೈದನೆಯದರವರೆಗೂ ಎಳೆಯುತ್ತವೆ. ಮೂಲ ಸ್ವರದಿಂದ ಅಷ್ಟು ದೂರ ಹೋದವನ್ನು ಅದು ಮುಚ್ಚಲಾರದು, ಹಾಗಾಗಿ ಪ್ರಮಾಣ ಸಣ್ಣದಿದ್ದರೂ ಕಿವಿ ಹಿಡಿದುಬಿಡುತ್ತದೆ.

ಮೂರನೆಯದು ಗುಮ್ಮಟದ ಅನುರಣನ. ಒಂದು ಆವರ್ತನದ ಮೇಲೆ ಗುಮ್ಮಟ ಪಿಸ್ಟನ್‌ನಂತೆ ಇಡಿಯಾಗಿ ಚಲಿಸುವುದನ್ನು ಬಿಟ್ಟು ಹೋಳುಹೋಳಾಗಿ ನಡುಗುತ್ತದೆ. ಅದೇ ಬ್ರೇಕಪ್. ಪ್ರತಿಕ್ರಿಯೆಯಲ್ಲಿ (ಯಾವ ಆವರ್ತನ ಎಷ್ಟು ಜೋರು ಎಂದು ತೋರಿಸುವ ಗೆರೆಯಲ್ಲಿ) ಏರಿಳಿತ ಕಾಣುತ್ತದೆ, ಸಂಕೇತ ನಿಂತರೂ ಚೂರು ಹೊತ್ತು ಗುಂಯ್‌ಗುಡುತ್ತದೆ. ಲೋಹದಲ್ಲಿ ನಡುಕವನ್ನು ಹೀರಿಕೊಳ್ಳುವ ಒಳಗಿನ ಡ್ಯಾಂಪಿಂಗ್ ಕಡಿಮೆ, ಆದ್ದರಿಂದ ಶಿಖರ ಚೂಪು. ಫಿನಾಲಿಕ್ ಅಥವಾ ಪಾಲಿಯೆಸ್ಟರ್‌ನಲ್ಲಿ ಹೆಚ್ಚು, ಆದ್ದರಿಂದ ಮೊಂಡು. ಇಲ್ಲಿ ಒಂದು ಸೂಕ್ಷ್ಮ: ಇದು ಬಹುಮಟ್ಟಿಗೆ ಡಿಸ್ಟಾರ್ಷನ್ ಅಲ್ಲ. ಒಳಗೆ ಹೋಗದ ಹೊಸ ಆವರ್ತನ ಹೊರಗೆ ಬರುವುದಿಲ್ಲ. ಹೋದದ್ದೇ ಹೆಚ್ಚಾಗಿ ಬರುತ್ತದೆ, ತಡವಾಗಿ ಬರುತ್ತದೆ. ಮೆಲ್ಲಗೆ ನುಡಿಸಿದರೂ ಜೋರಾಗಿ ನುಡಿಸಿದರೂ ಆಕಾರ ಒಂದೇ.

ಈ ಕೊನೆಯ ಮಾತಿನಲ್ಲೇ ಪರೀಕ್ಷೆಯ ಕೀಲಿ ಇದೆ. ಶಬ್ದವನ್ನು 10 ಡೆಸಿಬೆಲ್ ಏರಿಸಿದರೆ ಗಾಳಿಯ ಎರಡನೇ ಹಾರ್ಮೋನಿಕ್‌ನ ಶೇಕಡಾವಾರು ಸುಮಾರು 3.2 ಪಟ್ಟು ಆಗಬೇಕು. ಅನುರಣನ ಒಂದಿಷ್ಟೂ ಬದಲಾಗಬಾರದು. ಉಜ್ಜುವಿಕೆಗೆ ಯಾವ ಶಿಸ್ತೂ ಇಲ್ಲ. ಮೆಲ್ಲಗೆ ನುಡಿಸಿದಾಗಲೇ ಶೇಕಡಾವಾರು ಹೆಚ್ಚು ಕಂಡರೂ ಕಾಣಬಹುದು.

ಅಳತೆ

ಮೈಕ್ ಹಾರ್ನ್ ಬಾಯಿಂದ 1 ಮೀಟರ್ ದೂರದಲ್ಲಿ. ಇನ್ನೂ ಹತ್ತಿರ ಒಯ್ದರೆ ಮೈಕಿನದ್ದೇ ಡಿಸ್ಟಾರ್ಷನ್ ಬೆರೆಯುವ ಭಯ. ಸಂಕೇತ ಲಾಗರಿದಮಿಕ್ ಸೈನ್ ಸ್ವೀಪ್, ಅಂದರೆ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವ ಒಂಟಿ ಸ್ವರ. 2000ದಲ್ಲಿ ಆಂಜೆಲೊ ಫರೀನಾ ಮಂಡಿಸಿದ ಈ ವಿಧಾನದಲ್ಲಿ ಪ್ರತಿ ಹಾರ್ಮೋನಿಕ್ ಕಾಲದಲ್ಲಿ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ, ಒಂದೇ ಓಟದಲ್ಲಿ ಎಲ್ಲವೂ ಕೈಗೆ ಸಿಗುತ್ತದೆ. ಎರಡು ಡ್ರೈವರ್‌ಗಳಿಗೆ ಸಮ ವೋಲ್ಟೇಜ್ ಕೊಡದೆ ಸಮ ಶಬ್ದಮಟ್ಟಕ್ಕೆ ಹೊಂದಿಸಿದೆ, 95 ಡೆಸಿಬೆಲ್‌ನಲ್ಲಿ ಒಮ್ಮೆ, 105ರಲ್ಲಿ ಒಮ್ಮೆ. ಗಾಳಿಗೆ ವೋಲ್ಟೇಜ್ ಲೆಕ್ಕವಿಲ್ಲ, ಒತ್ತಡದ ಲೆಕ್ಕ.

ಎರಡನೇ ಹಾರ್ಮೋನಿಕ್‌ನ ಗೆರೆಗಳು ಎಡಕ್ಕೂ ಬಲಕ್ಕೂ ಒಂದರ ಮೇಲೊಂದು ಕೂತವು. ಆವರ್ತನ ಏರಿದಂತೆ ಏರಿದವು, ಮಟ್ಟ ಏರಿಸಿದಾಗ ಸೂತ್ರ ಹೇಳಿದಷ್ಟೇ ಹೆಚ್ಚು ಕಡಿಮೆ ಏರಿದವು. ಇಡೀ ಚಿತ್ರದಲ್ಲಿ ಅತಿ ದೊಡ್ಡ ಡಿಸ್ಟಾರ್ಷನ್ ಅದೇ. ಗೆಳೆಯರು ಪರದೆಗೆ ಬೆರಳು ತೋರಿಸಿ "ಇದೋ, ಟೈಟಾನಿಯಂ" ಅಂದರು. ಅಲ್ಯೂಮಿನಿಯಂನ ಗೆರೆಯೂ ಅದರ ಕೆಳಗೇ ಅಡಗಿದೆ ಎಂದು ತೋರಿಸಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಬೆರಿಲಿಯಂ ತರಿಸಿದ್ದರೆ ಈ ಗೆರೆ ಕೂದಲಷ್ಟೂ ಕದಲುತ್ತಿರಲಿಲ್ಲ.

ಬಲಗಡೆಯ ಡ್ರೈವರ್‌ನಲ್ಲಿ ಮಾತ್ರ ಎರಡು ವಿಷಯ ಬೇರೆ ಇದ್ದವು. 800ರಿಂದ 1,100 ಹರ್ಟ್ಸ್‌ವರೆಗೆ ಹತ್ತನೇ ಹಾರ್ಮೋನಿಕ್ ದಾಟಿದ ಮೇಲಿನವು ಹುಲ್ಲಿನಂತೆ ಎದ್ದು ನಿಂತಿದ್ದವು, ಅದೂ 95 ಡೆಸಿಬೆಲ್‌ನಲ್ಲಿ 105ಕ್ಕಿಂತ ಎದ್ದುಕಾಣುವಂತೆ. ಜೊತೆಗೆ ಮೂರನೇ ಹಾರ್ಮೋನಿಕ್‌ನಲ್ಲಿ 3 ಕಿಲೋಹರ್ಟ್ಸ್ ಸುತ್ತ ಒಂದು ಗುಡ್ಡ, ಎಡಗಡೆಗಿಂತ ಸುಮಾರು 5 ಡೆಸಿಬೆಲ್ ಎತ್ತರ. ಪ್ರತಿಕ್ರಿಯೆಯ ಚಿತ್ರದಲ್ಲಿ 9 ಕಿಲೋಹರ್ಟ್ಸ್ ಬಳಿ ಚೂಪಾದ ಶಿಖರವಿತ್ತು. ಅದೂ ಸುಮಾರು 5 ಡೆಸಿಬೆಲ್. ಈ ಎರಡು 5ಗಳು ಕಾಕತಾಳೀಯವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ತಪ್ಪು

ಮುಂದಿನ ಯೋಜನೆ ಕಾಗದದ ಮೇಲೆ ಚೊಕ್ಕವಾಗಿತ್ತು. ಎರಡು ಮ್ಯಾಗ್ನೆಟ್, ಎರಡು ಡಯಾಫ್ರಾಮ್. ನಾಲ್ಕು ಜೋಡಿ ಆಗುತ್ತವೆ. ಎರಡು ಆಗಲೇ ಅಳೆದಿದ್ದೆವು. ಡಯಾಫ್ರಾಮ್‌ಗಳನ್ನು ಅದಲುಬದಲು ಮಾಡಿ ಉಳಿದೆರಡನ್ನು ಅಳೆದರೆ ಯಾವ ದೋಷ ಲೋಹವನ್ನು ಹಿಂಬಾಲಿಸುತ್ತದೆ, ಯಾವುದು ಮ್ಯಾಗ್ನೆಟ್ಟಿನ ಜೊತೆ ಉಳಿಯುತ್ತದೆ ಎಂದು ತಿಳಿಯುತ್ತದೆ.

ಬದಲಾಯಿಸಿ ಅಳೆದಾಗ ಹುಲ್ಲು ಮಾಯ. ಟೈಟಾನಿಯಂ ಎಡಗಡೆಯ ಮ್ಯಾಗ್ನೆಟ್ಟಿನಲ್ಲಿ ನಿಶ್ಶಬ್ದ, ಅಲ್ಯೂಮಿನಿಯಂ ಬಲಗಡೆಯದರಲ್ಲಿ ನಿಶ್ಶಬ್ದ. ದೋಷ ಲೋಹವನ್ನೂ ಹಿಂಬಾಲಿಸಲಿಲ್ಲ, ಮ್ಯಾಗ್ನೆಟ್ಟಿನಲ್ಲೂ ಉಳಿಯಲಿಲ್ಲ. ಅಂದರೆ ಅದು ಇದ್ದದ್ದು ಜೋಡಣೆಯಲ್ಲಿ, ಮತ್ತು ಅದನ್ನು ನಾನೇ ಬಿಚ್ಚಿ ಒರೆಸಿ ಹಾಳುಮಾಡಿದ್ದೆ. ಮುಚ್ಚಳ ತೆರೆದ ಕ್ಷಣ ಫೋಟೋ ತೆಗೆಯಬೇಕಿತ್ತು, ತೆಗೆದಿರಲಿಲ್ಲ. ಅಂತರವನ್ನು ಅಂಟುಟೇಪಿನಿಂದ ಶುಚಿ ಮಾಡುವುದು ಅಭ್ಯಾಸಬಲ. ಪುಣ್ಯಕ್ಕೆ ಆ ಟೇಪ್ ಕಸದ ಬುಟ್ಟಿಯಲ್ಲಿತ್ತು. ಬಿಡಿಸಿ ನೋಡಿದರೆ ಲೋಹದ ಪುಡಿಯ ಜೊತೆ, ಗಟ್ಟಿಯಾದ ಹಳೆಯ ಅಂಟಿನ ಒಂದು ಚಪ್ಪಟೆ ಚೂರು. ಡಯಾಫ್ರಾಮ್‌ನ ಅಂಚು ಕೂರುವ ಜಾಗವನ್ನು ಒರೆಸಿದ ಟೇಪು ಅದು. ಮೊದಲ ಡಯಾಫ್ರಾಮ್ ಬಿಚ್ಚುವಾಗ ಉಳಿದ ಚೂರಿನ ಮೇಲೆ ಹೊಸದನ್ನು ಬಿಗಿದಿದ್ದರು. ಅಂಚು ಒಂದು ಕಡೆ ಎತ್ತಿ, ಕಾಯಿಲ್ ಓರೆಯಾಗಿ, ಅಂತರದ ಗೋಡೆಗೆ ಸವರಿಕೊಂಡು ಓಡಾಡುತ್ತಿತ್ತು.

ಇದು ಊಹೆಯೇ ಅಂತ ಗೆಳೆಯರು ವಾದಿಸಿದರು, ಸರಿಯಾಗಿಯೇ. ಅದಕ್ಕೆ ಟೈಟಾನಿಯಂ ಅನ್ನು ಬಲಗಡೆಗೆ ವಾಪಸ್ ಹಾಕಿ, ಅದೇ ಚೂರನ್ನು ಅಂಚಿನ ಕೆಳಗಿಟ್ಟು ಬಿಗಿದೆವು. ಹುಲ್ಲು ಮರಳಿ ಬಂತು. ತೆಗೆದು ಬಿಗಿದೆವು, ಹೋಯಿತು.

ಇಷ್ಟು ಸಣ್ಣ ಓರೆ ಇಷ್ಟು ಕೆಡಿಸಬಲ್ಲದೇ ಎಂದರೆ, ಡಯಾಫ್ರಾಮ್ ಚಲಿಸುವ ದೂರವನ್ನೂ ಲೆಕ್ಕ ಹಾಕಿ. ಇಂಥ ಡ್ರೈವರ್‌ನಿಂದ 800 ಹರ್ಟ್ಸ್‌ನಲ್ಲಿ 0.1 ವ್ಯಾಟ್ ಶಬ್ದಶಕ್ತಿ ಹೊರಡಿಸಲು ಗುಮ್ಮಟ ಆಚೀಚೆ ಸುಮಾರು 0.02 ಮಿಲಿಮೀಟರ್ ಚಲಿಸಿದರೆ ಸಾಕು. ಫೇಸ್ ಪ್ಲಗ್‌ಗೂ (ಗುಮ್ಮಟದ ಮುಂದೆ ಕೂತು ಶಬ್ದವನ್ನು ಗಂಟಲಿಗೆ ಸಾಗಿಸುವ ಸೀಳುಗಳ ತುಂಡಿಗೂ) ಗುಮ್ಮಟಕ್ಕೂ ನಡುವಿನ ಸಂದು ಹೆಚ್ಚೆಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಈ ಲೋಕದಲ್ಲಿ ಅಂಟಿನ ಚೂರೆಂದರೆ ಬಂಡೆ. ಮೆಲ್ಲಗೆ ನುಡಿಸಿದಾಗ ಉಜ್ಜು ಹೆಚ್ಚು ಕಂಡದ್ದೂ ಇದಕ್ಕೇ: ಸ್ವರ ಸಣ್ಣದಾದಷ್ಟು ಸವರುವ ಸದ್ದು ಸಣ್ಣದಾಗುವುದಿಲ್ಲ.

ಲೋಹ ನಿಜವಾಗಿ ಮಾಡಿದ್ದು

ಚುಚ್ಚಿನ ಬಹುಪಾಲು ಅಲ್ಲೇ ಹೋಯಿತು. ಆದರೆ 3 ಕಿಲೋಹರ್ಟ್ಸ್‌ನ ಗುಡ್ಡ ಹೋಗಲಿಲ್ಲ. ಟೈಟಾನಿಯಂ ಯಾವ ಮ್ಯಾಗ್ನೆಟ್ಟಿಗೆ ಹೋದರೂ ಗುಡ್ಡವೂ ಜೊತೆಗೆ ಹೋಯಿತು. ಇದು ಲೋಹದ್ದೇ, ಅಥವಾ ಈ ತಯಾರಕರು ಆ ಲೋಹವನ್ನು ಒತ್ತಿದ ರೀತಿಯದು.

ನಡೆಯುವುದು ಹೀಗೆ. ಕಾಯಿಲ್ ಮತ್ತು ಮ್ಯಾಗ್ನೆಟ್ ಸೇರಿ 3 ಕಿಲೋಹರ್ಟ್ಸ್‌ನ ಸ್ವರಕ್ಕೆ ಅಲ್ಪಸ್ವಲ್ಪ ಮೂರನೇ ಹಾರ್ಮೋನಿಕ್ ಬೆರೆಸುತ್ತವೆ; ಕರೆಂಟ್ ಬದಲಾದಂತೆ ಕಬ್ಬಿಣದ ಕಾಂತತ್ವ ಅಲುಗಾಡುವುದು ಇದರ ಒಂದು ಕಾರಣ. ಆ ಹಾರ್ಮೋನಿಕ್ ಬೀಳುವುದು 9 ಕಿಲೋಹರ್ಟ್ಸ್‌ನಲ್ಲಿ, ನೇರ ಗುಮ್ಮಟದ ಅನುರಣನದ ಮಡಿಲಿಗೆ. ಅಲ್ಲಿ ಅದು 5 ಡೆಸಿಬೆಲ್ ಉಬ್ಬುತ್ತದೆ. ಶಿಖರದ ಎತ್ತರವೂ ಗುಡ್ಡದ ಎತ್ತರವೂ ಒಂದೇ ಆದದ್ದು ಇದಕ್ಕೆ.

ಎರಡನೇ ಹಾರ್ಮೋನಿಕ್ ಏಕೆ ಉಬ್ಬಲಿಲ್ಲ? 4.5 ಕಿಲೋಹರ್ಟ್ಸ್‌ನ ಎರಡನೆಯದೂ 9ಕ್ಕೇ ಬೀಳುತ್ತದಲ್ಲ. ಅದರ ಬಹುಪಾಲು ಹುಟ್ಟುವುದು ಗಂಟಲಿನಲ್ಲಿ, ಗುಮ್ಮಟ ದಾಟಿದ ಮೇಲೆ. ಹರಿದುಹೋದ ನೀರಿಗೆ ಹಿಂದಿನ ಅಣೆಕಟ್ಟು ಏನೂ ಮಾಡಲಾರದು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗೆರೆ ಇದೇ. ಡಿಸ್ಟಾರ್ಷನ್ ಎಲ್ಲಿ ಹುಟ್ಟಿತು ಎಂಬುದನ್ನು ಗುಮ್ಮಟದ ಶಿಖರವೇ ಸಾಕ್ಷಿಯಾಗಿ ನಿಂತು ಹೇಳಿತು.

ಪರಿಹಾರಕ್ಕೂ ಇಲ್ಲೊಂದು ಮಿತಿ ಇದೆ. ಕ್ರಾಸ್‌ಓವರ್‌ನ ಡಿಜಿಟಲ್ ಪ್ರೊಸೆಸರ್‌ನಲ್ಲಿ 9 ಕಿಲೋಹರ್ಟ್ಸ್‌ಗೆ ಶಿಖರದಷ್ಟೇ ಅಗಲ ಆಳದ ಒಂದು ತಗ್ಗು ತೋಡಿದೆವು. ಪ್ರತಿಕ್ರಿಯೆ ಸಮತಟ್ಟಾಯಿತು, ಗುಂಯ್‌ಗುಡುವುದೂ ಬೇಗ ಅಡಗಿತು. ಶಬ್ದವೆಲ್ಲ ಒಂದೇ ಗಂಟಲಿನಿಂದ ಹೊರಡುವುದರಿಂದ ಇಂಥ ತಿದ್ದುಪಡಿ ಕಂಪ್ರೆಷನ್ ಡ್ರೈವರ್‌ಗೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ 3 ಕಿಲೋಹರ್ಟ್ಸ್‌ನ ಗುಡ್ಡ ಮಿಸುಕಲಿಲ್ಲ. ಆ ಹಾರ್ಮೋನಿಕ್ ಹುಟ್ಟುವುದು ಪ್ರೊಸೆಸರ್‌ನ ನಂತರ; ಈಕ್ವಲೈಸರ್ ಅದನ್ನು ನೋಡಿಯೇ ಇಲ್ಲ. ಬೆರಿಲಿಯಂ ಹಾಕಿದ್ದರೆ ಇದೊಂದನ್ನು ಗೆಲ್ಲಬಹುದಿತ್ತು. ಶಬ್ದದ ವೇಗ ಸುಮಾರು ಎರಡೂವರೆ ಪಟ್ಟು ಎಂದರೆ, ಅದೇ ಆಕಾರದ ಗುಮ್ಮಟದ ಬ್ರೇಕಪ್ ಕೂಡ ಅಷ್ಟೇ ಪಟ್ಟು ಮೇಲಕ್ಕೆ, ಕಿವಿಯ ಎಲ್ಲೆಯಾಚೆಗೆ ಹೋಗುತ್ತದೆ. ಆ ಲೋಹದ ಹೆಗ್ಗಳಿಕೆ ಸುಳ್ಳಲ್ಲ. ಅದರ ಕಿರಿಕಿರಿಯೂ ಸುಳ್ಳಲ್ಲ: ಅದು ಗಾಜಿನಂತೆ ಪುಡಿಯಾಗಬಲ್ಲದು, ಆ ಪುಡಿ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ತರಬಲ್ಲದು. ಒಡೆದ ಬೆರಿಲಿಯಂ ಡಯಾಫ್ರಾಮನ್ನು ನನ್ನಂತೆ ಟೇಪು ಹಿಡಿದು ಒರೆಸಲು ಹೋಗುವ ಹಾಗಿಲ್ಲ.

ಕೇಳಿದಾಗ

ಶುಚಿಯಾಗಿ ಕೂತ ಟೈಟಾನಿಯಂ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ಎರಡನ್ನೂ ಒಂದೇ ಪ್ರತಿಕ್ರಿಯೆಗೆ ತಿದ್ದಿ, ಮಟ್ಟ ಹೊಂದಿಸಿ, ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಕೇಳಿಸಿದೆ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದರು. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಆಮೇಲೆ ನಾನೂ ಕೂತೆ. ಐದು.

ಬೆರಿಲಿಯಂ ಮಾತು ಅಲ್ಲಿಗೆ ನಿಂತಿತು. ಆದರೂ ಎರಡು ಕಡೆ ಎರಡು ಲೋಹ ಬೇಡ ಎಂದು ಅವರು ಹಟ ಹಿಡಿದರು, ಅದು ನನಗೂ ಒಪ್ಪಿಗೆ. ತಿದ್ದುಪಡಿ ಎರಡೂ ಕಡೆಗೆ ಒಂದೇ ಆಗುತ್ತದೆ, ಮಧ್ಯದ ಚಿತ್ರ ಕದಲುವುದಿಲ್ಲ. ಅದೇ ತಯಾರಕರ ಇನ್ನೊಂದು ಟೈಟಾನಿಯಂ ಎಡಗಡೆಗೂ ಬಂತು. ಈ ಸಲ ಕೂರಿಸುವ ಮುಂಚೆ ಅಂಚಿನ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದೆವು, ಫೋಟೋ ತೆಗೆದೆವು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ನಡುನಡುವೆ ಮೆಲುದನಿಯ ಸ್ವೀಪ್ ಹಾಯಿಸಿ ಕೇಳಿದೆವು.

ತೆಗೆದಿಟ್ಟ ಎಡಗಡೆಯ ಅಲ್ಯೂಮಿನಿಯಂ ಡಯಾಫ್ರಾಮನ್ನು ಪೆಟ್ಟಿಗೆಗೆ ಹಾಕುವ ಮುನ್ನ ಗೆಳೆಯರು ಸುಮ್ಮನೆ ದೀಪಕ್ಕೆ ಅಡ್ಡ ಹಿಡಿದರು. ಸರೌಂಡ್‌ನ ಒಂದು ಮಡಿಕೆಯಲ್ಲಿ ಕೂದಲೆಳೆಯಷ್ಟು ಬೆಳಕಿನ ಗೆರೆ. ಬಿರುಕು, ಬಲಗಡೆಯದು ಸೀಳಿಕೊಂಡ ಜಾಗದಂಥದ್ದೇ ಜಾಗದಲ್ಲಿ. ಅಷ್ಟು ದಿನವೂ ಯಾವುದನ್ನು "ಸರಿಯಾದದ್ದು" ಅಂತ ಇಟ್ಟುಕೊಂಡು ಹೋಲಿಸುತ್ತಿದ್ದೆವೋ ಅದು ಇದು. ಅದಲುಬದಲಿನ ಗಲಾಟೆಯಲ್ಲಿ ಎಷ್ಟು ಸಲ ಕೈಗೆತ್ತಿಕೊಂಡಿದ್ದೆನೋ, ಒಮ್ಮೆಯೂ ಬೆಳಕಿಗೆ ಹಿಡಿದಿರಲಿಲ್ಲ.